ಕವಳಿ ಹುಳಕ್ಕೆ ಮೂರು ಬೆಳಗು

ಮೇ 4, ಭಾನುವಾರ

ಈ ನೋಟ್‌ಬುಕ್ಕನ್ನು ನಾದಿನಿ ಸುಪ್ರಿಯಾ ಎಂದೋ ಕೊಟ್ಟಿದ್ದಳು. ಬರೆಯುವಂಥದ್ದು ನನ್ನ ಬದುಕಿನಲ್ಲಿ ಏನಿದೆ ಎಂದು ಹಾಗೇ ಎತ್ತಿಟ್ಟಿದ್ದೆ. ಇವತ್ತು ಯಾರ ಮುಂದೆಯೂ ಬಾಯಿ ಬಿಡಲಾರದೆ ಹುಡುಕಿ ತೆಗೆದೆ.

ನಮ್ಮ ಸಂಘದ ಉಪ್ಪಿನಕಾಯಿಯಲ್ಲಿ ಹುಳ ಸಿಕ್ಕಿದೆ. ಹೋದ ತಿಂಗಳು ಸಾಗರದ ಪ್ರದರ್ಶನದಲ್ಲಿ ಮಾರಿದ ಬಾಟಲಿ. ಯಾರೋ ಹೆಂಗಸು ಊಟದ ತಟ್ಟೆಯಲ್ಲಿ ಕವಳಿಕಾಯಿಯನ್ನು ಬೆರಳಿನಿಂದ ಒಡೆದು ತೋರಿಸುತ್ತಾಳೆ. ಒಳಗೆ ಅರ್ಧ ಅಗುಳಿನಷ್ಟು ಬಿಳಿ ಹುಳ, ಸತ್ತಿದ್ದು. ಇನ್ನೊಂದು ಕಾಯಿ ಒಡೆಯುತ್ತಾಳೆ, ಅದರಲ್ಲೂ ಇದೆ. ಕೊನೆಗೆ ಬಾಟಲಿ ತಿರುಗಿಸಿ ಲೇಬಲ್ ತೋರಿಸುತ್ತಾಳೆ. 'ಜಲಜಮ್ಮನ ಕವಳಿ ಮಿಡಿ.' ಅದರ ಮೇಲಿರುವ ಫೋಟೊ ನನ್ನ ಅತ್ತೆಯದು. ಫೋಟೊ ಹಾಕಿದರೆ ಜನ ನಂಬುತ್ತಾರೆ ಎಂದು ಹಟ ಹಿಡಿದವಳು ನಾನೇ. ಬೆಳಿಗ್ಗೆಯಿಂದ ನನ್ನ ಫೋನಿಗೇ ಒಂಬತ್ತು ಜನ ಆ ವಿಡಿಯೊ ಕಳಿಸಿದ್ದಾರೆ, ನಾನು ನೋಡದೇ ಉಳಿದುಬಿಟ್ಟೇನು ಎಂಬ ಕಾಳಜಿ!

ಮಧ್ಯಾಹ್ನ ಅಧ್ಯಕ್ಷೆ ಮಂಜುಶ್ರೀಯ ಮನೆ ಜಗಲಿಯಲ್ಲಿ ತುರ್ತು ಸಭೆ. ನಿಟ್ಟೂರು ಕಡೆಯ ಹನ್ನೆರಡು ಹೆಂಗಸರ ಸಂಘ ನಮ್ಮದು. ಕಾರ್ಯದರ್ಶಿಯಾಗಿ ನಾನು ಪುಸ್ತಕ ಹಿಡಿದು ಕೂತಿದ್ದೆ.

"ಕಾಯಿ ಆರ್ಸಿದ್ದು ಯಾರು?" ಎಂದು ಮಂಜುಶ್ರೀ ಕೇಳಿದಳು. ಯಾರೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

"ನಾನೇ ಕಣೆ," ಎಂದರು ಅತ್ತೆ. "ಒಂದೊಂದೇ ನೋಡಿ ಆರ್ಸಿ, ಚಾಪೆ ಮೇಲೆ ಹರವಿಟ್ಟೇ ನಾನು ಮೇಳಿಗೆಗೆ ಮಗಳ ಮನೆಗೆ ಹೋಗಿದ್ದು. ಮೂರು ಬೆಳಗು ಬಿಟ್ಟೇ ತುಂಬಿದ್ದು. ಅಲ್ದನೇ ಸುಷ್ಮಾ?"

"ಹೂಂ," ಎಂದೆ.

"ಹಂಗಾದ್ರೆ ಇನ್ನೆಂತ? ನನ್ನ ಕಣ್ಣು ಹೋಯ್ತು, ಅಷ್ಟೇ."

ಅದನ್ನು ನಾನು ಪುಸ್ತಕದಲ್ಲಿ ಬರೆದುಕೊಂಡೆ. ಎಲ್ಲರೂ ಸುಮ್ಮನಿರುವಾಗ ನಾನೊಬ್ಬಳು ಏನು ಹೇಳುವುದಿತ್ತು?

ಮೇ 6, ಮಂಗಳವಾರ

ಅತ್ತೆ ಅಡುಗೆಮನೆಗೆ ಬರುತ್ತಿಲ್ಲ. "ಹುಳ ಕಾಣ್ದವ್ಳು ಒಲೆ ಹತ್ರ ಯಾಕೆ," ಎಂದು ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತಾರೆ. ಎಪ್ಪತ್ತು ವರ್ಷದ ಮೈ, ಹತ್ತು ನಿಮಿಷ ಒಂದು ಕಡೆ ಕೂತದ್ದನ್ನು ನಾನು ನೋಡಿರಲಿಲ್ಲ.

ನಿಜ ಹೇಳಬೇಕೆಂದರೆ ಈ ಮನೆಗೆ ಬಂದ ಹದಿನೇಳು ವರ್ಷದಿಂದ ನಾನು ಬಯಸಿದ್ದು ಇದನ್ನೇ. ಒಗ್ಗರಣೆಗೆ ಸಾಸಿವೆ ಹೆಚ್ಚಾಯಿತು, ಸೊಪ್ಪು ದಪ್ಪ ಹೆಚ್ಚಿದೆ ಎಂದು ಬೆನ್ನ ಹಿಂದೆ ನಿಂತು ಹೇಳುವವರಿಲ್ಲ. ಇವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿಬಿಟ್ಟೆ. ಇವರು ಏನೂ ಹೇಳದೆ ಉಂಡು, ಗಾಡಿ ತೆಗೆದುಕೊಂಡು ಹೊಸನಗರಕ್ಕೆ ಬಾಡಿಗೆಗೆ ಹೋದರು. ಅತ್ತೆಯೂ ಏನೂ ಹೇಳಲಿಲ್ಲ.

ಸಂಜೆ ಇವರು ಬಂದ ಮೇಲೆ ಅತ್ತೆ ಮಗನನ್ನು ಕರೆದು, "ರಾಜೇಂದ್ರ, ಸಾಗರದಲ್ಲಿ ಕಣ್ಣಿನ ಡಾಕ್ಟ್ರಿಗೆ ತೋರ್ಸೋಣ," ಎಂದರು. ಹಲ್ಲು ನೋವಿಗೂ ಡಾಕ್ಟರ ಹತ್ತಿರ ಹೋಗದವರು.

ಮೇ 9, ಶುಕ್ರವಾರ

ಒಂದು ಉಪಾಯ ಹೊಳೆದಿದೆ. ಹುಳ ಆರಿಸುವವರ ಕಣ್ಣಿಗೆ ಬೀಳುವಂಥದ್ದಲ್ಲ, ತೂತಿಲ್ಲದ ಕಾಯಿಯ ಒಳಗೇ ಇತ್ತು ಎಂದು ತೋರಿಸಿಬಿಟ್ಟರೆ ಮುಗಿಯಿತು. ಆಗ ತಪ್ಪು ಯಾರದ್ದೂ ಆಗುವುದಿಲ್ಲ. ಅತ್ತೆಯದ್ದೂ ಅಲ್ಲ, ಬೇರೆ ಯಾರದ್ದೂ ಅಲ್ಲ.

ಸಂಜೆ ಬ್ಯಾಣಕ್ಕೆ, ಹುಲ್ಲುಗುಡ್ಡದ ಇಳಿಜಾರಿನ ಕವಳಿ ಪೊದೆಗಳ ಹತ್ತಿರ ಹೋದೆ. ಹಣ್ಣಾಗದ ಕಾಯಿ ಇನ್ನೂ ಅಷ್ಟಿಷ್ಟು ಇದೆ. ಮುಳ್ಳು ತಾಗಿ ಎರಡೂ ಮುಂಗೈ ಗೀರಿ ಹೋಯಿತು. ತೂತಿಲ್ಲದ, ಕಲೆಯಿಲ್ಲದ ಕಾಯನ್ನೇ ಆರಿಸಿ ಕೊಯ್ದು ದೊಡ್ಡ ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಕಿಟಕಿಯಲ್ಲಿ ಇಟ್ಟೆ. ಇವರ ಗಾಡಿಯಲ್ಲಿ ಒಮ್ಮೆ ಮನೆ ಸಾಮಾನು ಸಾಗಿಸಿದ್ದ ಪೂರ್ಣೇಶ್ ಸರ್ ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಫೋನ್ ಮಾಡಿದೆ.

"ಒಳ್ಳೇದು ಮೇಡಂ. ಆದ್ರೆ ದಿನ ಸರಿಯಾಗಿ ಬರ್ದಿಡಿ. ಯಾವಾಗ ಕೊಯ್ದಿದ್ದು, ಯಾವಾಗ ಹುಳ ಹೊರಗೆ ಬಂತು, ಎಲ್ಲ ಬೇಕು," ಎಂದರು.

ಕೊಯ್ದದ್ದು ಇವತ್ತು ಸಂಜೆ ಐದು ಗಂಟೆಗೆ. ಬರೆದಿದ್ದೇನೆ.

ಮೇ 12, ಸೋಮವಾರ

ಶನಿವಾರ ಬೆಳಿಗ್ಗೆ ಏನಿಲ್ಲ. ಭಾನುವಾರ ಬೆಳಿಗ್ಗೆ ನಾಲ್ಕು ಹುಳ ಗಾಜಿಗೆ ಅಂಟಿದ್ದವು.

ಇವತ್ತು ಮೂರನೇ ಬೆಳಗು. ಬಟ್ಟೆಯ ಒಳಮೈ ತುಂಬ ಹುಳ. ಕಾಯಿಗಳನ್ನೆಲ್ಲ ಚಾಕುವಿನಿಂದ ಸೀಳಿ ನೋಡಿದೆ. ಒಂದರಲ್ಲೂ ಇಲ್ಲ.

ಮೇ 13, ಮಂಗಳವಾರ

ಇದನ್ನು ಬರೆದುಬಿಡುತ್ತೇನೆ. ಇಲ್ಲಿಯೂ ಸುಳ್ಳು ಬರೆದರೆ ಈ ಪುಸ್ತಕ ಏಕೆ ಬೇಕು?

ಕವಳಿ ಕೊಯ್ದ ಮೇಲೆ ಮೂರು ಬೆಳಗು ಚಾಪೆಯ ಮೇಲೆ ಹರವಿಡುವುದು ಅತ್ತೆಯ ಕ್ರಮ. ಅವರ ಅವ್ವನಿಂದ ಬಂದದ್ದು. ಯಾಕೆಂದು ಕೇಳಿದರೆ ಪ್ರತಿ ಸಲ ಒಂದೇ ಕಥೆ. ಅವರಿಗೆ ಒಂಬತ್ತು ವರ್ಷವಾಗಿದ್ದಾಗ ಗೇಣಿ ಒಡೆಯರು ಅವರಪ್ಪನನ್ನು ಭೂಮಿ ಬಿಡಿಸಿ, ಮನೆಯಿಂದಲೂ ಎಬ್ಬಿಸಿದರಂತೆ. ಪಾತ್ರೆ ಪಡಗ ಕಟ್ಟಿಕೊಳ್ಳಲು ಮೂರು ದಿನ ಕೇಳಿದರೆ ಅದನ್ನೂ ಕೊಡಲಿಲ್ಲ. "ಹುಳನೂ ಒಕ್ಕಲೇ ಕಣೆ. ಮೂರು ಬೆಳಗು ಕೊಟ್ರೆ ತಾನಾಗೇ ಎದ್ದು ಹೋಗ್ತದೆ. ಎಬ್ಬಿಸ್ಬಾರ್ದು," ಎನ್ನುತ್ತಾರೆ. ಅದು ಮುದುಕಿಯ ಮನಸ್ಸಿನ ಸಂಕಟ, ಉಪ್ಪಿನಕಾಯಿಗೂ ಅದಕ್ಕೂ ಏನು ಸಂಬಂಧ ಎಂದು ನಾನು ತಿಳಿದಿದ್ದೆ. ಬಿಎ ಓದಿದವಳಲ್ಲವೇ.

ಏಪ್ರಿಲ್ ಒಂಬತ್ತರ ಸಂಜೆ ಕಾಯಿ ಹರವಿಟ್ಟು ಅತ್ತೆ ಮೇಳಿಗೆಗೆ, ಮಗಳ ಮನೆಯ ದೇವರ ಕಾರ್ಯಕ್ಕೆ ಹೋದರು. "ಮೂರು ಬೆಳಗು ಕಳ್ದ ಮೇಲೆ ಉಪ್ಪಿಗೆ ಹಾಕ್ರಿ," ಎಂದು ಎರಡು ಸಲ ಹೇಳಿದರು. ಹತ್ತನೇ ತಾರೀಖು ಸಂಘದ ಹೆಂಗಸರಲ್ಲಿ ಐದು ಜನ ಬಿಡುವಾಗಿದ್ದರು. ಹನ್ನೆರಡಕ್ಕೆ ಊರಲ್ಲಿ ಮದುವೆ, ಆಮೇಲೆ ಯಾರೂ ಸಿಗುವುದಿಲ್ಲ. ಅದೊಂದು ಕಾರಣ. ಇನ್ನೊಂದು ಇದೆ. ಹೋದ ವರ್ಷದ ಪ್ರದರ್ಶನದಲ್ಲಿ ಒಬ್ಬಾಕೆ ನಮ್ಮ ಬಾಟಲಿ ಎತ್ತಿ ನೋಡಿ, "ಕಾಯಿ ಬಾಡಿದೆಯಲ್ಲ," ಎಂದು ಕೆಳಗಿಟ್ಟಿದ್ದಳು. ಅದು ನನಗೆ ಚುಚ್ಚುತ್ತಲೇ ಇತ್ತು. ಈ ಸಲ ಗಾಜಿನೊಳಗೆ ಕಾಯಿ ದುಂಡಗೆ, ಹೊಳೆಯುತ್ತ ಕಾಣಬೇಕು ಎಂದಿತ್ತು. ಹತ್ತರ ಬೆಳಿಗ್ಗೆಯೇ ಎಲ್ಲ ಉಪ್ಪಿಗೆ ಹಾಕಿಸಿದೆ. ಬಂದ ಐವರಿಗೆ ಕೊಯ್ದ ದಿನ ಗೊತ್ತಿರಲಿಲ್ಲ. ಒಂದೇ ಬೆಳಗು.

ಅತ್ತೆ ವಾಪಸು ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳಿದರು, "ಮೂರು ಬೆಳಗು ಬಿಟ್ರಾ?" ಹೂಂ ಎಂದೆ.

ಹುಳ ಕಾಯಿಯ ಒಳಗೇ ಇತ್ತು ಎಂದು ತೋರಿಸಲು ಹೊರಟೆ. ತೋರಿಸಿದ್ದೂ ಆಯಿತು. ಮೂರು ದಿನ ಬಿಟ್ಟಿದ್ದರೆ ಒಂದೂ ಉಳಿಯುತ್ತಿರಲಿಲ್ಲ ಎಂದೂ ಅದೇ ಬಾಟಲಿ ಹೇಳುತ್ತಿದೆ.

ಮೇ 15, ಗುರುವಾರ

ಸಾಗರದ ಡಾಕ್ಟರು ಅತ್ತೆಯ ಎರಡೂ ಕಣ್ಣಿಗೆ ದೀಪ ಹಿಡಿದು ನೋಡಿದರು. ಪೊರೆ ಬರುತ್ತಿದೆ, ಆದರೆ ಬಲಿತಿಲ್ಲ, ಅವಸರವೇನೂ ಇಲ್ಲ ಎಂದರು. ಒಂದು ಚೀಟಿ ಕೊಟ್ಟು ಓದಿಸಿದರು. ಸಣ್ಣ ಅಕ್ಷರವನ್ನೂ ಅತ್ತೆ ತಡವರಿಸದೆ ಓದಿದರು.

"ಹತ್ತಿರದ್ದು ಚೆನ್ನಾಗಿಯೇ ಕಾಣುತ್ತಿದೆಯಲ್ಲಮ್ಮ," ಎಂದರು ಡಾಕ್ಟರು.

"ಕಾಣ್ತದೆ ಅಂತ ನಾನೂ ಅಂದ್ಕಂಡಿದ್ದೆ ಸಾರ್. ಊರಿನವ್ರ ಹೊಟ್ಟೆಗೆ ಹುಳ ಹಾಕ್ದೆ. ತೆಗ್ದೇ ಬಿಡಿ," ಎಂದರು ಅತ್ತೆ.

ಡಾಕ್ಟರು ನನ್ನ ಮುಖ ನೋಡಿದರು. ಹೇಗೂ ಮುಂದೆಂದಾದರೂ ತೆಗೆಸಲೇಬೇಕಾದ ಪೊರೆ, ಈಗಲೇ ಆದರೆ ತಪ್ಪೇನು ಎಂದು ನಾನು ತಲೆಯಾಡಿಸಿದೆ. ಜೂನ್ ನಾಲ್ಕಕ್ಕೆ ಆಪರೇಷನ್.

ಬರುವಾಗ ಗಾಡಿಯಲ್ಲಿ ಅತ್ತೆ ಇವರಿಗೆ ಹೇಳುತ್ತಿದ್ದರು, "ಕಣ್ಣೊಂದು ಸರಿಯಾಗ್ಲಿ. ಮುಂದಿನ ವರ್ಷ ಒಂದೇ ಒಂದ್ಸಲ ಆರ್ಸಿ ಕೊಡ್ತೀನಿ. ಆಮೇಲೆ ಬೇಕಾದ್ರೆ ನನ್ನ ಮುಖ ತೆಗ್ದುಹಾಕ್ಲಿ." ನಾನು ಕಿಟಕಿ ಪಕ್ಕ ಕೂತು ಹೊರಗೆ ನೋಡುತ್ತಿದ್ದೆ. ಬಟ್ಟೆಮಲ್ಲಪ್ಪದಿಂದ ನಮ್ಮ ಮನೆಯವರೆಗೆ ದಾರಿಯಲ್ಲಿ ಏನೇನು ಕಂಡೆ ಎಂದು ಕೇಳಿದರೆ ಒಂದೂ ನೆನಪಿಲ್ಲ.

ಮೇ 20, ಮಂಗಳವಾರ

ಹುಳಗಳೆಲ್ಲ ಬಟ್ಟೆಯ ಮಡಿಕೆಯಲ್ಲಿ ಬಿಳಿ ನೂಲು ಸುತ್ತಿಕೊಂಡು ಅಡಗಿವೆ. ಕಾಫಿಗೆ ನೀರಿಡುವ ಮೊದಲು ಹೋಗಿ ನೋಡುತ್ತೇನೆ. ನೋಡಲು ಏನೂ ಇಲ್ಲ, ಆದರೂ ನಿಂತಿರುತ್ತೇನೆ. ಮೊದಲು ನನಗೆ ಹೀಗೆ ಸುಮ್ಮನೆ ನಿಲ್ಲಲು ಪುರುಸೊತ್ತು ಎಲ್ಲಿತ್ತು?

ಮಧ್ಯಾಹ್ನ ಕೊಟ್ಟಿಗೆಯ ಪಕ್ಕದ ಕೋಣೆಯಿಂದ ಕೆರೆಯುವ ಸದ್ದು ಬಂತು. ಮಾರಾಟವಾಗದೆ ವಾಪಸು ಬಂದ ಬಾಟಲಿಗಳನ್ನು ಅಲ್ಲಿ ಪೇರಿಸಿದ್ದೇವೆ. ಅತ್ತೆ ನೆಲದ ಮೇಲೆ ಕೂತು, ಒಂದೊಂದೇ ಬಾಟಲಿಯನ್ನು ಬಕೆಟ್ಟಿನ ನೀರಲ್ಲಿ ಅದ್ದಿ, ಉಗುರಿನಿಂದ ತಮ್ಮ ಫೋಟೊ ಕೆರೆದು ತೆಗೆಯುತ್ತಿದ್ದರು. ಕಾಗದ ಪೂರ್ತಿ ಬರುವುದಿಲ್ಲ. ಕೆಲವದರಲ್ಲಿ ಹಣೆ ಮಾತ್ರ ಉಳಿದಿತ್ತು, ಕೆಲವದರಲ್ಲಿ ಸೀರೆಯ ಅಂಚು.

"ಬಿಡಿ ಅತ್ತೆ, ನಾನು ಮಾಡ್ತೀನಿ."

"ನಿಂಗೆ ಬೇರೆ ಕೆಲ್ಸ ಇಲ್ದಾ? ಹೋಗು."

ನಾನು ಹೋಗಲಿಲ್ಲ. ಪಕ್ಕದಲ್ಲಿ ಕೂತು ನಾನೂ ಕೆರೆದೆ. ನಾಲ್ಕನೇ ಬಾಟಲಿಯ ಹೊತ್ತಿಗೆ ಅಳು ಬಂತು. ಅವರು ಉಗುರಿಗೆ ಚುಚ್ಚಿತೇ ಎಂದು ಕೇಳಿದರು. ಹೂಂ ಎಂದೆ. ಈ ಹೂಂ ನನ್ನ ಬಾಯಿಗೆ ಎಷ್ಟು ಸುಲಭವಾಗಿ ಬರುತ್ತದೆ!

ಮೇ 26, ಸೋಮವಾರ

ಪತಂಗ ಹೊರಬಂದಿವೆ. ಜೀರಿಗೆ ಕಾಳಿಗಿಂತ ಕೊಂಚ ದೊಡ್ಡವು, ಅಷ್ಟೇ. ಬೂದಿ ಬಣ್ಣ, ರೆಕ್ಕೆಯ ತುದಿಯಲ್ಲಿ ಮಾಸಿದ ಅರಿಸಿನ. ಹಾರುವುದಕ್ಕಿಂತ ನಡೆಯುವುದೇ ಹೆಚ್ಚು. ಇಷ್ಟು ಸಣ್ಣದೊಂದು ಜೀವ ಗಿಡಕ್ಕೆ ಬಂದು ಮೊಟ್ಟೆಯಿಟ್ಟು ಹೋದದ್ದಕ್ಕೆ ನಮ್ಮ ಮನೆಯಲ್ಲಿ ಒಬ್ಬರು ಮೂಲೆ ಹಿಡಿದಿದ್ದಾರೆ. ಅಲ್ಲ, ಅದಕ್ಕಲ್ಲ. ಪತಂಗ ತನ್ನ ಕೆಲಸ ಮಾಡಿದೆ.

ಪೂರ್ಣೇಶ್ ಸರ್‌ಗೆ ಕೊಡಲು ಆರು ಪತಂಗ ಡಬ್ಬಿಯಲ್ಲಿಟ್ಟು, ನನ್ನ ದಿನಗಳ ಪಟ್ಟಿಯನ್ನೂ ಸೇರಿಸಿ ಇವರ ಕೈಯಲ್ಲಿ ತೀರ್ಥಹಳ್ಳಿಗೆ ಕಳಿಸಿದೆ. ಉಳಿದವನ್ನು ಬ್ಯಾಣಕ್ಕೆ ಒಯ್ದು ಬಟ್ಟೆ ಬಿಚ್ಚಿದೆ. ಎಲ್ಲ ಹೊರಟುಹೋಗುವವರೆಗೆ ಬಾಟಲಿ ಅಲುಗಿಸದೆ ಹಿಡಿದುಕೊಂಡಿದ್ದೆ, ಹೆಚ್ಚುಕಡಿಮೆ ಒಂದು ಗಂಟೆ. ಅಷ್ಟರಲ್ಲಿ ಮಳೆ ಹನಿಯಲು ಶುರುವಾಯಿತು.

ಮೇ 31, ಶನಿವಾರ

ಪೂರ್ಣೇಶ್ ಸರ್ ಪತ್ರ ಕಳಿಸಿದ್ದಾರೆ. ಈ ಪತಂಗದ ಹೆಸರು ಅವರಿಗೂ ಖಚಿತವಿಲ್ಲವಂತೆ, ಬೇರೆಯವರಿಗೆ ಕಳಿಸಿ ಕೇಳುತ್ತಾರಂತೆ. ಮರಿ ಹುಳ ಹೂವಿನ ಹಂತದಲ್ಲೇ ಕಾಯಿಯ ಒಳಗೆ ಸೇರುವುದರಿಂದ ಕಣ್ಣಿಗೆ ಕಾಣುವುದಿಲ್ಲ ಎಂದಿದೆ. ಅದರ ಕೆಳಗೆ, 'ನಿಮ್ಮ ಟಿಪ್ಪಣಿಯ ಪ್ರಕಾರ, ಕೊಯ್ದ ಕಾಯನ್ನು ಮೂರು ದಿನ ಹರವಿಟ್ಟರೆ ಹುಳಗಳು ತಾವಾಗಿ ಹೊರಬರುತ್ತವೆ. ಈ ಕ್ರಮ ಪಾಲಿಸುವುದು ಅಗತ್ಯ.'

ಮಂಜುಶ್ರೀ ಅದನ್ನು ನಮ್ಮ ಮನೆಯಲ್ಲೇ ಗಟ್ಟಿಯಾಗಿ ಓದಿ ಮುಗಿಸಿ, ನನ್ನನ್ನು ಹಿತ್ತಲಿಗೆ ಕರೆದಳು.

"ಮೂರು ದಿನ ಬಿಟ್ಟಿದ್ರೆ ಹುಳ ಇರ್ತಿರ್ಲಿಲ್ಲ ಅಂತಾಯ್ತು. ನಿಮ್ಮತ್ತೆಗೆ ಕೊಯ್ದ ದಿನನೇ ಮರ್ತು ಹೋಗಿತ್ತೇನೋ ಮಾರಾಯ್ತಿ. ಹೇಳಿದ್ದು ಹೆಚ್ಚುಕಮ್ಮಿ ಆಗಿರ್ಬೇಕು. ನೀ ಪಾಪ ಅವ್ರು ಹೇಳಿದ್ಹಂಗೆ ಮಾಡ್ದೆ. ವಯಸ್ಸಾಯ್ತಲ್ಲ, ತಪ್ಪು ಅಂತ ಯಾರೂ ಅನ್ನಲ್ಲ. ಇಷ್ಟೇ ಬರ್ದು ಎಲ್ಲರಿಗೂ ಕಳ್ಸೋಣ."

ಅವಳು ನನಗೆ ದಾರಿ ತೋರಿಸುತ್ತಿದ್ದಳು. ಒಳ್ಳೆಯ ಮನಸ್ಸಿನಿಂದಲೇ. ನಾನು ನೋಡೋಣ ಎಂದೆ.

ಒಳಗೆ ಬಂದರೆ ಅತ್ತೆ ಗೋಡೆಗೊರಗಿ ಬೆರಳು ಮಡಿಸುತ್ತಿದ್ದರು. "ಬುಧವಾರ ಕೊಯ್ದಿದ್ದು... ಗುರುವಾರ ಒಂದು... ಶುಕ್ರವಾರ..." ಹಿತ್ತಲಿನ ಮಾತು ಅವರ ಕಿವಿಗೆ ಬಿದ್ದಿತ್ತು. ಕಿವಿಯೂ ಚೆನ್ನಾಗಿದೆ ಅವರಿಗೆ.

ಜೂನ್ 1, ಭಾನುವಾರ

ಇಡೀ ದಿನ ಬೆರಳು ಮಡಿಸಿದರು. ಊಟದ ಮಧ್ಯೆಯೂ.

ಜೂನ್ 2, ಸೋಮವಾರ

ಹೇಳಿಬಿಟ್ಟೆ.

ಆಸ್ಪತ್ರೆಗೆ ಒಯ್ಯುವ ಚೀಲಕ್ಕೆ ಅವರ ಸೀರೆ ಮಡಿಸಿ ಇಡುತ್ತಿದ್ದೆ. ಅತ್ತೆ ಮಂಚದ ಮೇಲೆ ಕೂತಿದ್ದರು. "ಸುಷ್ಮಾ, ಸಿಟ್ಟು ಮಾಡ್ಕಬೇಡ. ಕಣ್ಣಿಗಾದ್ರೆ ಡಾಕ್ಟ್ರು ಇದಾರೆ. ತಲೆ ಹೋದ್ರೆ ಯಾರಿಗೆ ತೋರ್ಸದು? ನಿಜ ಹೇಳು. ನಾನು ನಿಂಗೆ ಮೂರು ಬೆಳಗು ಅಂತ ಹೇಳಿದ್ನೋ, ಇಲ್ಲ ಹೇಳಿದೀನಿ ಅಂತ ಈಗ ಅನ್ಸ್ತಿದ್ಯೋ?" ಎಂದು ಕೇಳಿದರು. ಅವರ ಧ್ವನಿಯಲ್ಲಿ ಹೆದರಿಕೆ ಇತ್ತು. ಅವರಿಗೆ ಹೆದರಿಕೆಯಾದದ್ದನ್ನು ನಾನು ಕಂಡದ್ದು ಇದೇ ಮೊದಲು.

"ಹೇಳಿದ್ರಿ ಅತ್ತೆ. ಎರಡ್ಸಲ ಹೇಳಿದ್ರಿ. ನಾನೇ ಬಿಡ್ಲಿಲ್ಲ. ಒಂದೇ ಬೆಳಗಿಗೆ ಉಪ್ಪಿಗೆ ಹಾಕ್ಸಿದೆ. ನಿಮ್ಮ ಹತ್ರ ಸುಳ್ಳು ಹೇಳ್ದೆ."

ನನ್ನ ಕೈಯಲ್ಲಿ ಸೀರೆ ಹಾಗೇ ಇತ್ತು. ಬೈಯುತ್ತಾರೆ ಎಂದು ಕಾದೆ.

"ನನ್ನ ಕಣ್ಣು ಕೀಳ್ಸಕ್ಕೂ ಬಿಡ್ತಿದ್ಯಲ್ಲೇ," ಎಂದರು. ದನಿ ಏರಿಸಲೂ ಇಲ್ಲ. ಚೀಲದಿಂದ ತಮ್ಮ ಸೀರೆಗಳನ್ನು ತಾವೇ ಹೊರಗೆ ತೆಗೆದು, ಗೋಡೆಯ ಕಡೆ ತಿರುಗಿ ಮಲಗಿದರು.

ಇವರಿಗೂ ಹೇಳಿದೆ. ಇವರು ಬೈಯಲಿಲ್ಲ. "ಇಷ್ಟು ದಿನ ಒಬ್ಳೇ ಹೆಂಗೆ ಇಟ್ಕಂಡಿದ್ದೆ?" ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಜೂನ್ 4, ಬುಧವಾರ

ಸಾಗರಕ್ಕೆ ಹೋಗಲಿಲ್ಲ. "ಪೊರೆ ಬಲ್ತಾಗ ನೋಡನ," ಎಂದು ಅತ್ತೆ ಇವರಿಗೆ ಹೇಳಿದರು. ನನ್ನ ಹತ್ತಿರ ಮಾತಿಲ್ಲ.

ಜೂನ್ 8, ಭಾನುವಾರ

ಇವತ್ತಿನ ಸಭೆ ನಾನೇ ಕರೆದದ್ದು. ಎಲ್ಲರೂ ಬಂದರು, ಅತ್ತೆಯೂ ಬಂದು ಕಂಬಕ್ಕೊರಗಿ ಕೂತರು. ಏಪ್ರಿಲ್ ಹತ್ತರಂದು ಏನಾಯಿತೆಂದು ಹೇಳಿದೆ. ಬಾಡಿದ ಕಾಯಿ ಚೆಂದ ಕಾಣುವುದಿಲ್ಲ ಎಂಬ ಮಾತನ್ನೂ ಬಿಡಲಿಲ್ಲ. ಅದೊಂದನ್ನು ಮುಚ್ಚಿಡಬಹುದಿತ್ತು, ಅದನ್ನು ಹೇಳಲು ಎಲ್ಲಕ್ಕಿಂತ ನಾಚಿಕೆಯಾಯಿತು.

ಮಂಜುಶ್ರೀ ಸಾವರಿಸಿಕೊಂಡು, "ಹೋಗ್ಲಿ ಬಿಡಿ, ಮನೆ ವಿಷ್ಯ ಮನೇಲಿರ್ಲಿ. ಹುಳ ಪ್ರಕೃತಿದು ಅಂತ ಬರ್ದು ಮುಗ್ಸೋಣ," ಎಂದಳು.

"ಬ್ಯಾಡ," ಎಂದರು ಅತ್ತೆ. "ನನ್ನ ಮುಖ ಹುಳದ ಜೊತೆ ಊರೆಲ್ಲ ತಿರುಗ್ತು. ಅವ್ಳು ಈಗ ಹೇಳಿದ್ದೂ ತಿರುಗ್ಲಿ. ಫೋನಲ್ಲಿ ಹಿಡಿ ಮಂಜುಶ್ರೀ."

ಮೊದಲ ಸಲ ಅರ್ಧಕ್ಕೇ ನಿಲ್ಲಿಸಿಬಿಟ್ಟೆ. ಎರಡನೇ ಸಲ ಪೂರ್ತಿ ಹೇಳಿದೆ: ನನ್ನ ಹೆಸರು, ಊರು, ನಾನು ಮಾಡಿದ್ದು, ಜಲಜಮ್ಮ ಮಾಡದೇ ಇದ್ದದ್ದು. ಕಾರ್ಯದರ್ಶಿಯ ಪುಸ್ತಕವನ್ನೂ ಅಲ್ಲೇ ಕೊಟ್ಟುಬಂದೆ. ದಾರಿಯಲ್ಲಿ ಅತ್ತೆ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದರು. ನಾನು ಹತ್ತಿರ ಹೋಗಲು ನೋಡಲಿಲ್ಲ.

ಜೂನ್ 9, ಸೋಮವಾರ

ಇವತ್ತು ನನ್ನ ವಿಡಿಯೊವನ್ನು ನನಗೇ ಹದಿನಾಲ್ಕು ಜನ ಕಳಿಸಿದ್ದಾರೆ.

ಜೂನ್ 11, ಬುಧವಾರ

ಊಟವಾದ ಮೇಲೆ ಪಾತ್ರೆ ತೊಳೆಯುತ್ತಿದ್ದೆ. ಅಡುಗೆಮನೆಯೊಳಗೆ ಡಬ್ಬಿಯ ಮುಚ್ಚಳ ತೆಗೆದ ಸದ್ದು. ಬಂದು ನೋಡಿದರೆ ಅತ್ತೆ ಬೆಳಕಿರುವ ಬಾಗಿಲಲ್ಲಿ ಕಾಲು ಚಾಚಿ ಕೂತು, ಮೊರದಲ್ಲಿ ಸೊಸೈಟಿ ಅಕ್ಕಿ ಹರವಿಕೊಂಡಿದ್ದರು. ಒಂದು ತಿಂಗಳ ಮೇಲೆ ಹೊಸಿಲು ದಾಟಿ ಒಳಗೆ ಬಂದದ್ದು. ನಾನು ಒದ್ದೆ ಕೈಯಲ್ಲೇ ನಿಂತೆ.

"ಕೂತ್ಕ," ಎಂದರು. ಒಂಬತ್ತು ದಿನದ ನಂತರ ನನ್ನ ಕಡೆಗೆ ಬಂದ ಮೊದಲ ಮಾತು.

ಕೂತೆ.

"ಕೈ ಹಿಡಿ."

ಸೆರಗಿನಲ್ಲಿ ಒರೆಸಿಕೊಂಡು ಅಂಗೈ ಚಾಚಿದೆ. ಕನ್ನಡಕವಿಲ್ಲ, ಏನಿಲ್ಲ. ತೋರುಬೆರಳಿನಿಂದ ಅಕ್ಕಿಯನ್ನು ಒಂದು ಗೆರೆ ಸರಿಸಿ, ಎರಡು ಬೆರಳಲ್ಲಿ ಹೆಕ್ಕಿ ನನ್ನ ಅಂಗೈಗೆ ಹಾಕಿದರು.

"ಇದು ಕಲ್ಲು." ಇನ್ನೊಂದು ಗೆರೆ. "ಇದು ಭತ್ತ." ಮತ್ತೊಂದು. "ಇದು ಕಲ್ಲು. ಬಿಳೀದು, ಅಕ್ಕಿ ಬಣ್ಣದ್ದೇ. ಕಾಣ್ತಾ?"

"ಕಾಣ್ತು ಅತ್ತೆ."

ಮೊರ ಮುಗಿಯುವ ಹೊತ್ತಿಗೆ ನನ್ನ ಅಂಗೈಯಲ್ಲಿ ಒಂಬತ್ತು ಕಲ್ಲು, ನಾಲ್ಕು ಭತ್ತ ಇದ್ದವು. ಅವರು ಎದ್ದು ಅಕ್ಕಿಯನ್ನು ಡಬ್ಬಿಗೆ ಸುರಿದು, ಒಲೆಯ ಕಡೆ ಹೋದರು. ನಾನು ಅಲ್ಲೇ ಕೂತಿದ್ದೆ. ಬೆಳಿಗ್ಗೆ ನಾನು ಆರಿಸಿ ಮುಗಿಸಿ, ಮುಚ್ಚಳ ಹಾಕಿಟ್ಟಿದ್ದ ಅಕ್ಕಿ ಅದು.